ತಪ್ಪಿದ ದಿನ ಸಾಲವಲ್ಲ



ವಿಭೂತಿ ಬುಧವಾರದ ಸಂಜೆ ಚರ್ಚಿನಿಂದ ಮನೆಗೆ ಬರುವಾಗ ಸೊಪ್ಪಿನ ಬುಟ್ಟಿಯ ಮುಂದೆ ನಿಂತೆ. ದಂಟಿನ ಸೊಪ್ಪಿನ ಕಂತೆಯನ್ನು ಕೈಗೆ ಕೊಡುತ್ತಾ ಸೊಪ್ಪಿನಾಕೆ ನನ್ನ ಹಣೆಯನ್ನೇ ದಿಟ್ಟಿಸಿದಳು.

"ಅಯ್ಯೋ, ನೀವೂ ಈಬತ್ತಿ ಇಟ್ಕೋತೀರಾ ಅಕ್ಕಾ?"

"ಹೂಂ ಕಣವ್ವ, ವರ್ಷಕ್ಕೆ ಒಂದೇ ದಿನ."

"ಒಂದೇ ದಿನ ಇಟ್ಕೊಂಡ್ರೆ ಸಾಕಾ?" ಎಂದು ನಕ್ಕಳು. ನಾನೂ ನಕ್ಕೆ. ಆದರೆ ಆ ಮಾತು ಮನೆಯವರೆಗೂ ನನ್ನ ಜೊತೆಯಲ್ಲೇ ನಡೆದು ಬಂತು.

ಮನೆಗೆ ಬಂದು ಟಪಾಲು ನೋಡಿದರೆ ಒಬ್ಬ ಸೋದರಿಯ ಕಾಗದ. ಹಾಸನ ಜಿಲ್ಲೆಯ ಒಂದು ಸಣ್ಣ ಊರಿನವರು. ಹೆಸರು ಬೇಡ ಎಂದಿದ್ದಾರೆ. ಅವರ ಮಾತಿನಲ್ಲೇ ಕೇಳಿ:

"ಮದುವೆಯಾಗಿ ಹನ್ನೊಂದು ವರ್ಷ ಆಯ್ತು. ಪ್ರತಿ ವರ್ಷ ತಪಸ್ಸುಕಾಲ ಶುರುವಾದಾಗ, ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಶುಭಸಂದೇಶ ಓದಬೇಕು, ಜಪಸರ ಮಾಡಬೇಕು ಅಂತ ನಿಶ್ಚಯ ಮಾಡ್ಕೋತೀನಿ. ಹತ್ತು ದಿನ ದಾಟಿಸಿದ್ದೇ ಇಲ್ಲ. ಹೋದ ವರ್ಷ ಆರನೇ ದಿನಕ್ಕೇ ಅತ್ತೆಯವರು ಬಚ್ಚಲಲ್ಲಿ ಜಾರಿ ಬಿದ್ದರು. ಅಲ್ಲಿಗೆ ಎಲ್ಲಾ ನಿಂತುಹೋಯ್ತು. 'ನಿನ್ನ ಭಕ್ತಿ ಹಣೆ ಮೇಲಿನ ಬೂದಿ ಅಳಿಸೋ ತನಕ' ಅಂತ ಮನೆಯವರು ಹಾಸ್ಯ ಮಾಡ್ತಾರೆ. ಈ ವರ್ಷ ಶುರು ಮಾಡೋದಕ್ಕೇ ಮನಸ್ಸಿಲ್ಲ. ನಡೆಸೋಕೆ ಆಗದ ಮಾತನ್ನ ದೇವರ ಮುಂದೆ ಹೇಳೋದು ಸುಳ್ಳು ಹೇಳಿದ ಹಾಗಲ್ಲವೇ?"

ಈ ಪುಟಕ್ಕೆ ಬರುವ ಕಾಗದಗಳಲ್ಲಿ ಅತ್ತೆ-ಸೊಸೆ ಜಗಳ, ಮಕ್ಕಳ ಊಟದ ಹಟ, ಉಪ್ಪಿನಕಾಯಿಗೆ ಹಿಡಿದ ಬೂಷ್ಟು ಇವೆಲ್ಲ ಇದ್ದೇ ಇರುತ್ತವೆ. ಇಂಥ ಪ್ರಶ್ನೆ ಅಪರೂಪ. ಆದರೆ ಇದು ಕ್ರೈಸ್ತ ಸೋದರಿಯರ ಪ್ರಶ್ನೆ ಮಾತ್ರವೇ? ಶ್ರಾವಣ ಸೋಮವಾರ ಹಿಡಿದು ಮೂರನೇ ವಾರಕ್ಕೆ ಬಿಟ್ಟವರಿದ್ದೀರಿ. ಬೆಳಿಗ್ಗೆ ಲಲಿತಾ ಸಹಸ್ರನಾಮ ಹೇಳುತ್ತೇನೆಂದು ಹೊರಟು ಕುಕ್ಕರಿನ ಸೀಟಿಗೆ ಎದ್ದು ಓಡಿದವರಿದ್ದೀರಿ. ರಂಜಾನಿನಲ್ಲಿ ಸಹರಿಗೆ ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚುವ ಸೋದರಿಯರೂ ಇದ್ದೀರಿ. ಆದ್ದರಿಂದ ಎಲ್ಲರೂ ಓದಿ. ನಿಮ್ಮ ಮನೆಗೂ ಇದರಲ್ಲಿ ಏನಾದರೂ ಸಿಗಬಹುದು.

ಮೊದಲು ತಿಳಿಯದವರಿಗಾಗಿ ನಾಲ್ಕು ಮಾತು. ಯೇಸುಸ್ವಾಮಿ ತಮ್ಮ ಬೋಧನೆಯನ್ನು ಆರಂಭಿಸುವ ಮುಂಚೆ ಅಡವಿಯಲ್ಲಿ ನಲವತ್ತು ದಿನ ಉಪವಾಸವಿದ್ದರು. ಮೋಶೆ ಬೆಟ್ಟದ ಮೇಲೆ ನಲವತ್ತು ದಿನ ಇದ್ದ. ಎಲೀಯ ಪ್ರವಾದಿ ನಲವತ್ತು ದಿನ ನಡೆದು ಹೋರೇಬ್ ಬೆಟ್ಟವನ್ನು ಮುಟ್ಟಿದ. ಈ ನಲವತ್ತರ ನೆನಪಿಗಾಗಿ ಈಸ್ಟರ್, ಅಂದರೆ ಪಾಸ್ಖ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳನ್ನು ಕ್ರೈಸ್ತರು ತಪಸ್ಸುಕಾಲವೆಂದು ಆಚರಿಸುತ್ತಾರೆ. ಕ್ರಿ.ಶ. 325ರ ನೈಸಿಯಾ ಮಹಾಸಭೆಯ ಕಟ್ಟಳೆಗಳಲ್ಲೇ ಈ ನಲವತ್ತರ ಪ್ರಸ್ತಾಪವಿದೆ. ಅಷ್ಟು ಹಳೆಯದು!

ಹಬ್ಬದ ದಿನವನ್ನು ಚಂದ್ರನನ್ನು ನೋಡಿಯೇ ಲೆಕ್ಕ ಹಾಕುವುದು. ಮಾರ್ಚ್ 21ರಂದು ಇಲ್ಲವೇ ಅದಾದ ಮೇಲೆ ಬರುವ ಹುಣ್ಣಿಮೆಯ ಮುಂದಿನ ಭಾನುವಾರವೇ ಪಾಸ್ಖ. ಹೀಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಯಾವಾಗ ಬೇಕಾದರೂ ಬರಬಹುದು. ಅದಕ್ಕೆ 46 ದಿನ ಮುಂಚಿನ ಬುಧವಾರವೇ ವಿಭೂತಿ ಬುಧವಾರ. ಹೋದ ವರ್ಷದ ಗರಿಗಳ ಭಾನುವಾರ ಆಶೀರ್ವದಿಸಿದ ಗರಿಗಳು ಒಣಗಿರುತ್ತವಲ್ಲ, ಅವನ್ನು ಸುಟ್ಟ ಬೂದಿಯನ್ನೇ ಅಂದು ಹಣೆಗೆ ಇಡುತ್ತಾರೆ. ಮಣ್ಣಿನಿಂದ ಬಂದವರು ಮಣ್ಣಿಗೇ ಹೋಗುವವರು ಎಂಬ ನೆನಪಿಗೆ.

"46 ದಿನ ಅಂತೀರಿ, ನಲವತ್ತು ಹೇಗಾಯ್ತು?" ಎಂದು ಜಾಣೆಯರು ಕೇಳಬಹುದು. ನಡುವೆ ಬರುವ ಆರು ಭಾನುವಾರಗಳು ಲೆಕ್ಕಕ್ಕಿಲ್ಲ. ಭಾನುವಾರ ಪುನರುತ್ಥಾನದ ದಿನ, ಅಂದು ಉಪವಾಸವಿಲ್ಲ. ನೋಡಿದಿರಾ, ನಲವತ್ತರ ಲೆಕ್ಕ ಹಾಕಿದ ಹಿರಿಯರೇ ನಡುನಡುವೆ ಉಸಿರಾಡಲು ಜಾಗ ಬಿಟ್ಟಿದ್ದಾರೆ. ಬಿಡದವರು ನಾವು!

ಈಗ ನನ್ನ ಕಥೆ. ಹೇಳಿಕೊಳ್ಳಲು ನಾಚಿಕೆಯೇ. ಆದರೂ ಆ ಸೋದರಿಗಾಗಿ ಹೇಳುತ್ತೇನೆ.

ನನ್ನ ದೊಡ್ಡ ಮಗ ಆಗ ಎರಡನೇ ಕ್ಲಾಸು. ಆ ವರ್ಷ ನಾನು ಭಾರೀ ಉತ್ಸಾಹದಲ್ಲಿದ್ದೆ. ನಲವತ್ತು ದಿನವೂ ಒಪ್ಪತ್ತು ಊಟ, ಕಾಫಿ ಬಿಡುವುದು, ನಾಲ್ಕೂವರೆಗೆ ಏಳುವುದು, ಐದು ದಶಕ ಜಪಸರ, ದಿನವೂ ಪೂಜೆಗೆ ಹೋಗುವುದು ಎಂದು ಕ್ಯಾಲೆಂಡರಿನ ಹಿಂದೆ ಪಟ್ಟಿ ಬರೆದು ಅಂಟಿಸಿದ್ದೆ. ಮೊದಲ ವಾರ ನಡೆಯಿತು. ಮನಸ್ಸಿನಲ್ಲಿ ಸಣ್ಣ ಹೆಮ್ಮೆಯೂ ಹುಟ್ಟಿತು. ಪಕ್ಕದ ಬೀದಿಯ ಯಾರು ಪೂಜೆಗೆ ಬಂದಿಲ್ಲ ಎಂದು ಎಣಿಸುವಷ್ಟು! ಎರಡನೇ ವಾರ ತಲೆನೋವು ಶುರುವಾಯಿತು. ಹಸಿವೆಗೂ ನಿದ್ದೆಗೆಟ್ಟಿದ್ದಕ್ಕೂ ಎಲ್ಲರ ಮೇಲೂ ಸಿಡಿಮಿಡಿ. ಒಂದು ಶುಕ್ರವಾರ ಬೆಳಿಗ್ಗೆ, ಸ್ಕೂಲಿಗೆ ಹೊತ್ತಾಗಿದೆ, ಮಗ ಹಾಲಿನ ಲೋಟವನ್ನು ಯೂನಿಫಾರಂ ಮೇಲೆ ಚೆಲ್ಲಿಕೊಂಡ. ಹಿಂದೆ ಮುಂದೆ ನೋಡದೆ ಕೆನ್ನೆಗೆ ಬಾರಿಸಿಬಿಟ್ಟೆ. ನಾಲ್ಕು ಬೆರಳೂ ಮೂಡಿದವು.

ಅವನು ಅಳಲಿಲ್ಲ. ಬೇರೆ ಅಂಗಿ ಹಾಕಿಕೊಂಡ. ಬಾಗಿಲ ಹತ್ತಿರ ಹೋಗಿ ತಿರುಗಿ, "ಅಮ್ಮಾ, ನಾಳೆ ಉಪವಾಸ ಬೇಡ" ಎಂದ.

ಅಷ್ಟೇ. ಹೊರಟುಹೋದ. ನಾನು ಚೆಲ್ಲಿದ ಹಾಲನ್ನು ಒರೆಸುತ್ತಾ ಅಲ್ಲೇ ಕುಳಿತು ಅತ್ತೆ. ನನ್ನ ಉಪವಾಸಕ್ಕೆ ಬೆಲೆ ತೆತ್ತವನು ಏಳು ವರ್ಷದ ಹುಡುಗ! ಅಂದು ಮಧ್ಯಾಹ್ನ ಪಟ್ಟಿಯನ್ನು ಕಿತ್ತು ಒಲೆಗೆ ಹಾಕಿದೆ. "ಇನ್ನು ನನ್ನ ಕೈಲಿ ಇದೆಲ್ಲ ಆಗೋದಿಲ್ಲ" ಎಂದು ಅತ್ತೆಯವರ ಮುಂದೆ ಹೇಳಿಬಿಟ್ಟೆ.

ನಮ್ಮತ್ತೆ ಶ್ರೀರಂಗಪಟ್ಟಣದ ಕಡೆಯ ಹಳ್ಳಿಯವರು. ಓದು ಬರಹ ಬಾರದು. ಅವರು ತಪಸ್ಸುಕಾಲದಲ್ಲಿ ಏನು ಮಾಡುತ್ತಾರೆಂದು ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಗಮನಿಸಿರಲಿಲ್ಲ. ಅಂದು ಅವರು ಒಲೆಯ ಪಕ್ಕದ ಗೂಡಿನಿಂದ ಒಂದು ತಗಡಿನ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. ಅದರಲ್ಲಿ ಹದಿನಾಲ್ಕು ಹುಣಸೆಬೀಜ!

ಶಿಲುಬೆಯ ಹಾದಿಗೆ ಹದಿನಾಲ್ಕು ಸ್ಥಳ. ಯೇಸುಸ್ವಾಮಿಗೆ ಮರಣದಂಡನೆ ವಿಧಿಸಿದ್ದು ಮೊದಲನೆಯದು, ಸಮಾಧಿ ಮಾಡಿದ್ದು ಹದಿನಾಲ್ಕನೆಯದು. ಚರ್ಚಿನ ಗೋಡೆಯ ಮೇಲೆ ಸಾಲಾಗಿ ಚಿತ್ರಗಳಿರುತ್ತವೆ, ತಪಸ್ಸುಕಾಲದ ಶುಕ್ರವಾರಗಳಲ್ಲಿ ಎಲ್ಲರೂ ಸೇರಿ ಒಂದೊಂದರ ಮುಂದೆಯೂ ಮೊಣಕಾಲೂರಿ ಪ್ರಾರ್ಥಿಸುತ್ತೇವೆ. ಅತ್ತೆಯವರು ಇದನ್ನೇ ದಿನಾ ಮಧ್ಯಾಹ್ನ ರಾಗಿಮುದ್ದೆಗೆ ಎಸರಿಟ್ಟು, ನೀರು ಕುದಿಯುವವರೆಗೆ ಮಾಡುತ್ತಿದ್ದರು. ಒಂದು ಸ್ಥಳ ನೆನೆದು ಒಂದು ಬೀಜವನ್ನು ಈಚೆಗೆ ಸರಿಸುವುದು. ಎಸರು ಬೇಗ ಕುದಿದರೆ ಒಂಬತ್ತಕ್ಕೇ ನಿಲ್ಲಿಸಿ ಎದ್ದುಬಿಡುವುದು!

"ಮಿಕ್ಕ ಐದು?" ಎಂದು ಕೇಳಿದೆ.

"ನಾಳೆ ಮತ್ತೆ ಮೊದಲಿಂದ. ಮಿಕ್ಕಿದ್ದನ್ನ ಸಾಲ ಅಂತ ಇಟ್ಕೊಂಡ್ರೆ ಬಡ್ಡಿ ಬೆಳೀತದೆ ಕಣವ್ವ. ಕಟ್ಟಕ್ಕಾಗದೆ ಓಡೋಗ್ತೀಯ. ದೇವ್ರೇನು ಬಡ್ಡಿ ಸಾಹುಕಾರ್ನಾ?"

ಸೋದರಿ, ನಿಮ್ಮ ಕಾಗದಕ್ಕೆ ಉತ್ತರ ನಮ್ಮತ್ತೆಯ ಈ ಮಾತಿನಲ್ಲಿದೆ. ನೀವು ಸುಳ್ಳು ಹೇಳಿಲ್ಲ. ನೀವು ಸಾಲದ ಲೆಕ್ಕ ಇಟ್ಟಿರಿ, ಅಷ್ಟೇ. ಒಂದು ದಿನ ತಪ್ಪಿತು, ನಾಳೆ ಎರಡು ದಿನದ್ದು ಮಾಡಬೇಕು ಎಂದುಕೊಂಡಿರಿ. ಅದೂ ತಪ್ಪಿತು, ಮೂರಾಯಿತು. ನಾಲ್ಕನೇ ದಿನ ಬೈಬಲ್ಲಿನ ಕಡೆ ನೋಡುವುದಕ್ಕೇ ಹೆದರಿಕೆಯಾಯಿತು. ನಿಯಮ ನಿಂತದ್ದು ಅತ್ತೆಯವರು ಬಿದ್ದದ್ದರಿಂದಲ್ಲ, ಈ ಹೆದರಿಕೆಯಿಂದ. ತಪ್ಪಿದ ದಿನ ಹೋಯಿತು. ಅದರ ಲೆಕ್ಕ ಅಲ್ಲಿಗೇ ಮುಗಿಯಿತು. ಇವತ್ತಿನದನ್ನು ಮಾತ್ರ ಮಾಡಿ.

ಇನ್ನೊಂದು ಮಾತು. ಮಠದಲ್ಲಿರುವ ಕನ್ಯಾಸ್ತ್ರೀಯರ ದಿನಚರಿಯನ್ನು ನಾವು ಅಡುಗೆಮನೆಗೆ ತಂದರೆ ಆಗುವುದಿಲ್ಲ. ಅಲ್ಲಿ ಪ್ರಾರ್ಥನೆಗೆ ಗಂಟೆ ಹೊಡೆದರೆ ಎಲ್ಲರೂ ಬರುತ್ತಾರೆ. ನಮ್ಮ ಮನೆಯಲ್ಲಿ ಗಂಟೆ ಹೊಡೆದರೆ ಬರುವವನು ಗ್ಯಾಸಿನವನು! ಮತ್ತಾಯನ ಶುಭಸಂದೇಶದ ಆರನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಒಳಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಲು ಹೇಳುತ್ತಾರೆ. ಬಾಗಿಲು ಮುಚ್ಚಿಕೊಳ್ಳುವ ಭಾಗ್ಯ ಎಷ್ಟು ಜನ ಗೃಹಿಣಿಯರಿಗಿದೆ ಹೇಳಿ? ಆದ್ದರಿಂದ ನಮ್ಮ ಬಾಗಿಲು ಹೊತ್ತಿನ ಬಾಗಿಲಾಗಬೇಕು. ದಿನವೂ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಪ್ರಾರ್ಥನೆಯನ್ನು ಗಂಟುಹಾಕಿ. ಮಕ್ಕಳ ಸ್ಕೂಲ್ ಬಸ್ಸು ಹೋದ ಕೂಡಲೇ ಆಗಲಿ, ಎಸರಿಟ್ಟ ಮೇಲಾಗಲಿ, ರಾತ್ರಿ ಹಾಲಿಗೆ ಹೆಪ್ಪು ಹಾಕಿದ ಮೇಲಾಗಲಿ. "ಬಿಡುವಾದಾಗ ಮಾಡ್ತೀನಿ" ಎಂದರೆ ಕೆಟ್ಟಿತು. ಗೃಹಿಣಿಗೆ ಬಿಡುವಾಗುವುದೆಂದರೇನು!

ಹದಿನೈದೇ ನಿಮಿಷ ಸಾಕು. ನಾನು ಮಾಡುವ ರೀತಿಯನ್ನು ಹೇಳುತ್ತೇನೆ, ಹಿಡಿಸಿದರೆ ಇಟ್ಟುಕೊಳ್ಳಿ. ಮೊದಲ ಎರಡು ನಿಮಿಷ ಸುಮ್ಮನೆ ಕೂರುವುದು. ಮೊಬೈಲು ಬೇರೆ ಕೋಣೆಯಲ್ಲಿರಲಿ. ಆಮೇಲೆ ಐದಾರು ನಿಮಿಷ ಓದು. ಎಲ್ಲಿಂದ ಓದಬೇಕೆಂದು ತಿಳಿಯದೆ ಎಲ್ಲೋ ತೆರೆದು ಎಲ್ಲೋ ಮುಚ್ಚುವವರಿಗೆ ಒಂದು ಸುಲಭದ ಲೆಕ್ಕವಿದೆ. ನಾಲ್ಕು ಶುಭಸಂದೇಶಗಳಲ್ಲಿ ಮಾರ್ಕನದು ಎಲ್ಲಕ್ಕಿಂತ ಚಿಕ್ಕದು, ಹದಿನಾರೇ ಅಧ್ಯಾಯ. ದಿನಕ್ಕೆ ಅರ್ಧ ಅಧ್ಯಾಯದಂತೆ 32 ದಿನಕ್ಕೆ ಮುಗಿಯುತ್ತದೆ. ಆಮೇಲೆ ಯೊವಾನ್ನನ ಶುಭಸಂದೇಶದ 13ರಿಂದ 19ನೆಯ ಅಧ್ಯಾಯದವರೆಗೆ, ದಿನಕ್ಕೆ ಒಂದರಂತೆ ಏಳು ದಿನ. ಹದಿಮೂರರಲ್ಲಿ ಯೇಸುಸ್ವಾಮಿ ಶಿಷ್ಯರ ಪಾದ ತೊಳೆಯುತ್ತಾರೆ, ಹದಿನೆಂಟು ಹತ್ತೊಂಬತ್ತರಲ್ಲಿ ಶ್ರಮೆ ಮರಣ. ಒಟ್ಟು ಮೂವತ್ತೊಂಬತ್ತಾಯಿತು. ಒಂದು ದಿನ ಉಳಿಯಿತಲ್ಲ, ಅದು ನಿಮಗೆ ರಜ! ಮಗುವಿಗೆ ಜ್ವರ ಬಂದ ದಿನಕ್ಕೋ ನೆಂಟರು ಬಂದ ದಿನಕ್ಕೋ ಅದು ಆದೀತು. ಎರಡನೆಯದು ತಪ್ಪಿದರೆ? ಆಗ ನಮ್ಮತ್ತೆಯ ಮಾತನ್ನು ನೆನಪಿಸಿಕೊಳ್ಳಿ. ತಪ್ಪಿದ್ದನ್ನು ದಾಟಿ ಆ ದಿನದ ಭಾಗವನ್ನೇ ಓದಿ.

ಓದಿದ್ದರಲ್ಲಿ ಮನಸ್ಸಿಗೆ ತಾಗಿದ ಒಂದು ಸಂಗತಿಯನ್ನು ಹಿಡಿದುಕೊಂಡು ಉಳಿದ ನಿಮಿಷಗಳಲ್ಲಿ ದೇವರ ಜೊತೆ ಮಾತಾಡಿ. ಕೊನೆಗೆ ಒಬ್ಬರಿಗಾಗಿ ಪ್ರಾರ್ಥಿಸಿ. ದಿನಕ್ಕೆ ಒಬ್ಬರೇ. ನಲವತ್ತು ಹೆಸರು ಬರೆದಿಟ್ಟುಕೊಳ್ಳಿ. ಮನೆಯವರು, ಮಕ್ಕಳ ಟೀಚರು, ಹಾಲಿನವನು, ಮಾತು ಬಿಟ್ಟ ಓರಗಿತ್ತಿ, ಎಲ್ಲರೂ ಇರಲಿ. ಮಾತು ಬಿಟ್ಟವರ ಹೆಸರನ್ನು ಬರೆಯುವಾಗಲೇ ಕೈ ತಡೆಯುತ್ತದೆ, ನೋಡಿ! ಹಾಗೆ ತಡೆಯಿತೆಂದರೆ ಬರೆಯಲೇಬೇಕಾದ ಹೆಸರು ಅದೇ.

ಇನ್ನು ಉಪವಾಸದ ವಿಷಯ. ಇಲ್ಲಿ ನಮ್ಮ ಹೆಣ್ಣುಮಕ್ಕಳು ಕಟ್ಟಳೆಗಿಂತ ಹೆಚ್ಚು ಮಾಡಿ ದೇಹವನ್ನು ದಂಡಿಸಿಕೊಳ್ಳುತ್ತಾರೆ. ಕಥೋಲಿಕ ಧರ್ಮಸಭೆಯ ನಿಯಮ ನಿಜವಾಗಿ ಎಷ್ಟು ಹಗುರ ಗೊತ್ತೇ? 1983ರ ಕಾನೂನು ಸಂಹಿತೆಯ ಪ್ರಕಾರ ಉಪವಾಸ ಕಡ್ಡಾಯವಾಗಿರುವುದು ಎರಡೇ ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ ಹದಿನೆಂಟು ತುಂಬಿದವರಿಂದ ಐವತ್ತೊಂಬತ್ತು ತುಂಬುವವರೆಗಿನವರಿಗೆ ಮಾತ್ರ. ಉಪವಾಸವೆಂದರೆ ಏನೂ ತಿನ್ನದೆ ಇರುವುದೂ ಅಲ್ಲ. ಒಂದು ಹೊತ್ತು ಪೂರ್ತಿ ಊಟ, ಮಿಕ್ಕೆರಡು ಹೊತ್ತು ಅಲ್ಪಾಹಾರ. ಶುಕ್ರವಾರಗಳಲ್ಲಿ ಮಾಂಸ ಬಿಡುವ ನಿಯಮ ಹದಿನಾಲ್ಕು ವರ್ಷ ತುಂಬಿದವರಿಗೆ. ಕಾಯಿಲೆಯವರಿಗೆ, ಬಸುರಿ ಬಾಣಂತಿಯರಿಗೆ ಉಪವಾಸದ ಕಟ್ಟುಪಾಡಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳುವ ಸೋದರಿಯರು ಡಾಕ್ಟರನ್ನು ಕೇಳದೆ ಒಪ್ಪತ್ತು ಮಾಡಲೇಬೇಡಿ. ಬೆಳೆಯುವ ಮಕ್ಕಳ ತಟ್ಟೆಯಿಂದ ಮೊಟ್ಟೆ ಹಾಲು ತೆಗೆದು ನೀವು ಪುಣ್ಯ ಕಟ್ಟಿಕೊಳ್ಳಬೇಡಿ. ಮಕ್ಕಳು ಬೇಕಾದರೆ ಚಾಕಲೇಟು ಬಿಡಲಿ.

ಎಲ್ಲ ಕ್ರೈಸ್ತರ ಪದ್ಧತಿಯೂ ಒಂದೇ ಅಲ್ಲ. ಹುಬ್ಬಳ್ಳಿ, ಧಾರವಾಡ, ಗದಗ-ಬೆಟಗೇರಿಯ ಕಡೆ ಬಾಸೆಲ್ ಮಿಷನ್ ಕಾಲದಿಂದ ಬಂದ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಮಾಂಸದ ಕಟ್ಟಳೆಗಿಂತ ಕುಟುಂಬ ಪ್ರಾರ್ಥನೆಗೆ ಒತ್ತು. ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಮೇಲಿನ ಏಳು ಮಾತುಗಳ ಧ್ಯಾನ. ನಮ್ಮ ಬೀದಿಯಲ್ಲಿರುವ ಕೇರಳದ ಸಿರಿಯನ್ ಕ್ರೈಸ್ತ ಮನೆಯವರು ಬೂದಿ ಬುಧವಾರಕ್ಕೆ ಕಾಯುವುದಿಲ್ಲ. ಅದಕ್ಕೂ ಮುಂಚಿನ ಸೋಮವಾರವೇ ಐವತ್ತು ದಿನದ ನೋಂಬು ಹಿಡಿದುಬಿಡುತ್ತಾರೆ. ಯಾರದು ಹೆಚ್ಚು ಯಾರದು ಕಡಿಮೆ ಎಂಬ ಮಾತು ಬೇಡ. ಅವರವರ ಮನೆಯ ಒಲೆ ಅವರವರಿಗೆ.

ಮಾಂಸ ಬಿಡುವ ಮಾತು ಬಂದಾಗ ಒಂದು ನಗೆಯ ಸಂಗತಿ. ನಿಯಮದಲ್ಲಿ ಮೀನಿಗೆ ಅಡ್ಡಿಯಿಲ್ಲ. ನಾನೊಮ್ಮೆ ಶುಕ್ರವಾರ ಮಟನ್ನಿಗಿಂತ ದುಬಾರಿಯ ಅಂಜಲ್ ಮೀನು ತಂದು, ಘಮಘಮ ಹುರಿದು, "ಇವತ್ತು ಮಾಂಸ ಇಲ್ಲ" ಎಂದು ಬಡಿಸಿದೆ. "ಇಂಥ ಉಪವಾಸ ವಾರಕ್ಕೆ ಮೂರು ದಿನ ಇರಲಿ" ಎಂದರು ನಮ್ಮ ಮನೆಯವರು! ಅಂದಿನಿಂದ ನಮ್ಮ ಮನೆಯಲ್ಲಿ ತಪಸ್ಸುಕಾಲದ ಶುಕ್ರವಾರ ರಾತ್ರಿ ಗಂಜಿ. ಸರಳವಾಗಿದ್ದರೂ ಹೊಟ್ಟೆ ತುಂಬಬೇಕು, ಮಕ್ಕಳೂ ಕುಡಿಯಬೇಕು. ಅಂಥದ್ದೊಂದು ಬಗೆ ಬರೆಯುತ್ತೇನೆ.

ಹೆಸರುಕಾಳಿನ ಗಂಜಿ (ನಾಲ್ಕು ಜನಕ್ಕೆ): ಅರ್ಧ ಲೋಟ ಹೆಸರುಕಾಳನ್ನು ಎಣ್ಣೆಯಿಲ್ಲದೆ ಘಮ್ಮೆನ್ನುವವರೆಗೆ ಹುರಿದು ತೊಳೆದುಕೊಳ್ಳಿ. ಒಂದು ಲೋಟ ಅಕ್ಕಿನುಚ್ಚು, ಏಳು ಲೋಟ ನೀರು, ಒಂದು ಚಮಚ ಜೀರಿಗೆ, ಜಜ್ಜಿದ ಚೂರು ಶುಂಠಿ, ಉಪ್ಪು ಸೇರಿಸಿ ಕುಕ್ಕರಿನಲ್ಲಿ ಐದು ಸೀಟಿ ಕೂಗಿಸಿ. ತಾನಾಗಿ ಆರಿದ ಮೇಲೆ ತೆಗೆದು ಸೌಟಿನಿಂದ ಚೆನ್ನಾಗಿ ಮಸೆಯಿರಿ. ಅರ್ಧ ಲೋಟ ತೆಂಗಿನ ತುರಿಯನ್ನು ನುಣ್ಣಗೆ ರುಬ್ಬಿ ಹಾಕಿ, ಗಟ್ಟಿಯೆನಿಸಿದರೆ ಬಿಸಿನೀರು ಬೆರೆಸಿ ಒಂದು ಕುದಿ ಬರಿಸಿ. ನಂಚಿಕೊಳ್ಳಲು ಹುರುಳಿ ಚಟ್ನಿ: ನಾಲ್ಕು ಚಮಚ ಹುರುಳಿಕಾಳನ್ನು ಕೆಂಪಗೆ ಹುರಿದು, ಹುರಿದ ಮೂರು ಒಣಮೆಣಸಿನಕಾಯಿ, ನಾಲ್ಕು ಎಸಳು ಬೆಳ್ಳುಳ್ಳಿ, ಸ್ವಲ್ಪ ಹುಣಸೆಹಣ್ಣು, ಒಂದು ಹಿಡಿ ತೆಂಗಿನ ತುರಿ, ಉಪ್ಪು ಹಾಕಿ ತರಿತರಿಯಾಗಿ ರುಬ್ಬಿದರಾಯಿತು.

ಗಂಜಿಯಿಂದ ಉಳಿದ ದುಡ್ಡು ಎಲ್ಲಿ ಹೋಯಿತು? ಇದನ್ನು ಕೇಳಲೇಬೇಕು. ಪ್ರಾರ್ಥನೆ, ಉಪವಾಸ, ದಾನ ಈ ಮೂರೂ ಒಂದೇ ಒಲೆಯ ಮೂರು ಗುಂಡುಗಳಂತೆ. ಒಂದು ಇಲ್ಲದಿದ್ದರೂ ಮಡಕೆ ನಿಲ್ಲದು. ಉಳಿದ ದುಡ್ಡು ಶನಿವಾರದ ಸಿನಿಮಾಕ್ಕೆ ಹೋದರೆ ಅದು ಉಪವಾಸವಲ್ಲ, ಉಳಿತಾಯ!

"ನನ್ನ ಕೈಯಲ್ಲಿ ದುಡ್ಡಿರೋದಿಲ್ಲ, ಎಲ್ಲಾ ಅವರ ಹತ್ತಿರ" ಎನ್ನುವವರಿಗೆ ಒಂದು ದಾರಿ ಇದೆ. ದೂರದ ಮಿಜೋರಾಮಿನಲ್ಲಿ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು 1910ರಲ್ಲಿ ಒಂದು ಪದ್ಧತಿ ಶುರು ಮಾಡಿದರು. ಅನ್ನ ಮಾಡಲು ಅಕ್ಕಿ ಅಳೆದಾಗಲೆಲ್ಲ ಒಂದು ಹಿಡಿಯನ್ನು ದೇವರ ಕೆಲಸಕ್ಕೆಂದು ಬೇರೆ ಪಾತ್ರೆಗೆ ಹಾಕುವುದು. ಅಲ್ಲಿಯ ಮಾತಿನಲ್ಲಿ ಅದಕ್ಕೆ 'ಬುಹ್‌ಫಾಯ್ ಥಾಮ್' ಎನ್ನುತ್ತಾರೆ. ಆಗ ಅಲ್ಲಿಯ ಹೆಂಗಸರ ಕೈಯಲ್ಲೂ ಕಾಸಿರಲಿಲ್ಲ, ಅಕ್ಕಿ ಇತ್ತು. ನೂರು ವರ್ಷ ದಾಟಿದರೂ ಆ ಪದ್ಧತಿ ನಿಂತಿಲ್ಲ. ಹಿಡಿಹಿಡಿಯಾಗಿ ಕೂಡಿದ ಆ ಅಕ್ಕಿಯ ಬೆಲೆ ಇಂದು ವರ್ಷಕ್ಕೆ ಕೋಟಿಗಳ ಲೆಕ್ಕದಲ್ಲಿದೆ! ನಾವೂ ತಪಸ್ಸುಕಾಲದ ನಲವತ್ತು ದಿನ ಹಾಗೆ ಮಾಡೋಣ. ಒಂದು ಹಿಡಿ ಸುಮಾರು ಐವತ್ತು ಗ್ರಾಂ ಎಂದುಕೊಂಡರೆ ನಲವತ್ತು ದಿನಕ್ಕೆ ಎರಡು ಕಿಲೋ. ಹಬ್ಬದ ಹಿಂದಿನ ದಿನ ಅದನ್ನು ನಿಮ್ಮ ಬೀದಿಯಲ್ಲೇ ಒಲೆ ಸರಿಯಾಗಿ ಉರಿಯದ ಒಂದು ಮನೆಗೆ ಕೊಡಿ. ಯಾರಿಗೂ ಹೇಳಬೇಡಿ. ಒಂದು ಕೈ ಕೊಟ್ಟದ್ದು ಇನ್ನೊಂದು ಕೈಗೆ ತಿಳಿಯಬಾರದೆಂಬುದೂ ಆ ಆರನೇ ಅಧ್ಯಾಯದ್ದೇ ಮಾತು.

ನಿಮ್ಮ ಯಜಮಾನರ ಹಾಸ್ಯಕ್ಕೂ ಮದ್ದು ಅಲ್ಲೇ ಇದೆ. ಉಪವಾಸ ಮಾಡುವಾಗ ಮುಖ ಜೋಲುಹಾಕಿಕೊಳ್ಳಬೇಡಿ, ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದುಕೊಂಡಿರಿ ಎಂಬರ್ಥದ ಬುದ್ಧಿಮಾತು. ಈ ವರ್ಷ ಯಾರಿಗೂ ಹೇಳದೆ ಶುರು ಮಾಡಿ. ಕ್ಯಾಲೆಂಡರಿನ ಹಿಂದೆ ಪಟ್ಟಿಯೂ ಬೇಡ, ಮಾತಿಗೆ ಮಾತೂ ಬೇಡ. ನೀವು ಪ್ರಾರ್ಥನೆ ಮಾಡುತ್ತಿದ್ದೀರೆಂದು ಮನೆಯವರಿಗೆ ಗೊತ್ತಾಗುವುದಿದ್ದರೆ ನಿಮ್ಮ ದನಿಯಿಂದ ಗೊತ್ತಾಗಲಿ. ಬೆಳಿಗ್ಗೆ ಏಳೂವರೆಗೆ, ಒಂದು ಸಾಕ್ಸು ಕಾಣೆಯಾದಾಗ ನಿಮ್ಮ ದನಿ ಹೇಗಿರುತ್ತದೆಂಬುದೇ ಪರೀಕ್ಷೆ.

ಕಡೆಯದಾಗಿ, ಬಿದ್ದು ಹಾಸಿಗೆ ಹಿಡಿದ ನಿಮ್ಮ ಅತ್ತೆಯವರ ಮಾತು. "ಅಲ್ಲಿಗೆ ಎಲ್ಲಾ ನಿಂತುಹೋಯ್ತು" ಎಂದು ಬರೆದಿದ್ದೀರಿ. ನನಗೂ ಅಂಥದ್ದೊಂದು ತಪಸ್ಸುಕಾಲ ಬಂತು. ನಮ್ಮತ್ತೆ ಪಾರ್ಶ್ವವಾಯುವಿನಿಂದ ಮಲಗಿದರು. ಬಲಗೈ ಸ್ವಾಧೀನವಿಲ್ಲ, ಮಾತು ತೊದಲು. ಅವರನ್ನು ತೊಳೆದು, ಬಟ್ಟೆ ಬದಲಿಸಿ, ಗಂಜಿ ಕುಡಿಸುವುದರಲ್ಲಿ ನನ್ನ ಹದಿನೈದು ನಿಮಿಷವೂ ಮುಳುಗಿಹೋಯಿತು. "ಸೇವೆಯೇ ಪ್ರಾರ್ಥನೆ" ಎಂದು ಎಲ್ಲರೂ ಸಮಾಧಾನ ಹೇಳಿದರು. ಇರಬಹುದು. ಆದರೆ ನಿಜ ಹೇಳಲೇ? ಪ್ರಾರ್ಥನೆಯಿಲ್ಲದೆ ಹತ್ತು ದಿನ ಮಾಡಿದ ಸೇವೆಯಲ್ಲಿ ನನ್ನ ಕೈ ಒರಟಾಗಿತ್ತು. ಬೆಡ್‌ಪ್ಯಾನ್ ಇಡುವಾಗ ಕುಕ್ಕುತ್ತಿದ್ದೆ.

ಒಂದು ಮಧ್ಯಾಹ್ನ ಅವರು ಎಡಗೈಯಿಂದ ಅಡುಗೆಮನೆಯ ಕಡೆ ತೋರಿಸಿ ಏನೋ ಕೇಳಿದರು. ನೀರು ಕೊಟ್ಟೆ, ಬೇಡ. ಬಿಸ್ಕತ್ತು ಕೊಟ್ಟೆ, ಬೇಡ. ಕೊನೆಗೆ ಹೊಳೆದು ಆ ತಗಡಿನ ಮುಚ್ಚಳ ತಂದೆ. ಮುಖ ಅರಳಿತು. "ಜೋ...ರಾಗಿ" ಎಂದರು. ಜೋರಾಗಿ ಹೇಳು, ನನಗೂ ಕೇಳಲಿ ಎಂದು. ಮಂಚದ ಪಕ್ಕ ಕುಳಿತು ನಾನು ಹೇಳುತ್ತಾ ಹೋದೆ. ಅವರು ಎಡಗೈ ಬೆರಳಿನಿಂದ ಒಂದೊಂದೇ ಬೀಜವನ್ನು ಸರಿಸಿದರು.

ಆರನೇ ಸ್ಥಳದಲ್ಲಿ ವೆರೋನಿಕಾ ಎಂಬ ಹೆಂಗಸು ಶಿಲುಬೆ ಹೊತ್ತು ಹೋಗುವ ಯೇಸುಸ್ವಾಮಿಯ ಮುಖವನ್ನು ಬಟ್ಟೆಯಿಂದ ಒರೆಸುತ್ತಾಳೆ. ಶುಭಸಂದೇಶದಲ್ಲಿ ಬರೆದಿರುವ ಘಟನೆಯಲ್ಲ ಇದು, ಸಂಪ್ರದಾಯದಲ್ಲಿ ಬಂದದ್ದು. ಅತ್ತೆಯವರಿಗೆ ಇದೇ ಅತಿ ಇಷ್ಟ. "ಶಿಲುಬೆ ಹೊರಕ್ಕೆ ಅವಳ ಕೈಲಿ ಆಗ್ಲಿಲ್ಲ. ಸಿಪಾಯಿಗಳ್ನ ತಡೆಯಕ್ಕೂ ಆಗ್ಲಿಲ್ಲ. ಕೈಲಿ ಬಟ್ಟೆ ಇತ್ತು, ಒರೆಸಿದ್ಲು" ಎಂದು ಗಟ್ಟಿಯಾಗಿದ್ದ ಕಾಲದಲ್ಲಿ ಹೇಳುತ್ತಿದ್ದರು. ಅಂದು ಆರನೇ ಬೀಜದ ಹತ್ತಿರ ಅವರ ಬೆರಳು ನಿಂತಿತು. ಅವರ ಬಾಯಿಯ ಓರೆಯಿಂದ ಜೊಲ್ಲು ಇಳಿದಿತ್ತು. ನನ್ನ ಹೆಗಲ ಮೇಲೆ ಒದ್ದೆ ಬಟ್ಟೆ ಇತ್ತು. ಒರೆಸಿದೆ. ಆಮೇಲೆ ಏಳನೆಯದಕ್ಕೆ ಹೋದೆವು.

ಅಂದಿನಿಂದ ಪಾಸ್ಖ ಹಬ್ಬದವರೆಗೆ ದಿನಾ ಮಧ್ಯಾಹ್ನ ಇಬ್ಬರೂ ಹಾಗೇ ಮಾಡಿದೆವು. ಕೆಲವು ದಿನ ಹದಿನಾಲ್ಕೂ ಆಯಿತು, ಕೆಲವು ದಿನ ನಾಲ್ಕಕ್ಕೇ ಅವರಿಗೆ ನಿದ್ದೆ ಬಂತು. ಎರಡು ಮೂರು ದಿನ ತಪ್ಪಿಯೂ ತಪ್ಪಿತು. ಸಾಲ ಇಟ್ಟುಕೊಳ್ಳಲಿಲ್ಲ. ಆ ಹಬ್ಬಕ್ಕೆ ಅವರಿದ್ದರು. ಮುಂದಿನ ವಿಭೂತಿ ಬುಧವಾರಕ್ಕೆ ಇರಲಿಲ್ಲ. ಮುಚ್ಚಳ ಈಗ ನನ್ನ ಒಲೆಯ ಪಕ್ಕದಲ್ಲಿದೆ.

ಆದ್ದರಿಂದ ಸೋದರಿ, ನಿಮ್ಮ ಅತ್ತೆಯವರ ಮಂಚದ ಪಕ್ಕಕ್ಕೇ ಒಂದು ಕುರ್ಚಿ ಹಾಕಿಕೊಳ್ಳಿ. ಶುಭಸಂದೇಶವನ್ನು ಜೋರಾಗಿ ಓದಿ. ಅವರ ಕಣ್ಣಿಗೆ ಅಕ್ಷರ ಕಾಣದಿರಬಹುದು, ಕಿವಿಗೆ ನಿಮ್ಮ ದನಿ ಕೇಳುತ್ತದಲ್ಲ. ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ತಪಸ್ಸುಕಾಲದ ಒಂದೆರಡು ವಾರ ಕಳೆದಿರುತ್ತದೆ. ಕಳೆದದ್ದು ಕಳೆಯಿತು. ಮಾರ್ಕನ ಮೊದಲ ಪುಟದಿಂದ ಇವತ್ತೇ ಶುರು ಮಾಡಿ. ಹಬ್ಬದೊಳಗೆ ಮುಗಿಯದಿದ್ದರೆ ಹಬ್ಬದ ಮೇಲೂ ಓದಬಹುದು, ಯಾರೂ ಬೇಡವೆನ್ನುವುದಿಲ್ಲ.

ಸೊಪ್ಪಿನಾಕೆಗೆ ಅಂದು ಉತ್ತರ ಹೇಳಲಿಲ್ಲ. ಮೊನ್ನೆ ಮೆಂತ್ಯದ ಸೊಪ್ಪಿಗೆ ಹೋದಾಗ ಹೇಳಿದೆ: "ಹಣೆಗೆ ಒಂದ್ ದಿನ ಸಾಕು ಕಣವ್ವ. ಮಿಕ್ಕ ದಿನ ಅಡುಗೆಮನೇಲಿ." ಅರ್ಥವಾಯಿತೋ ಇಲ್ಲವೋ, ಒಂದು ಕಟ್ಟು ಕೊತ್ತಂಬರಿ ಕೊಸರು ಹಾಕಿದಳು.

ನಿಮ್ಮ ಮನೆಗಳಲ್ಲಿ ಯಾವ ವ್ರತ, ಯಾವ ನೋಂಪಿ, ಯಾವ ಪ್ರಾರ್ಥನೆ ನಡೆಯುತ್ತದೆ, ಎಲ್ಲಿ ತಪ್ಪುತ್ತದೆ, ಮತ್ತೆ ಹೇಗೆ ಹಿಡಿಯುತ್ತೀರಿ ಎಂದು ನನಗೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ, ಬೇಸಿಗೆ ರಜಕ್ಕೆ ಬರುವ ನೆಂಟರ ಮಕ್ಕಳನ್ನು ಹೇಗೆ ನಿಭಾಯಿಸುವುದೆಂಬ ದೊಡ್ಡ ತಪಸ್ಸಿನ ಬಗ್ಗೆ ಮಾತಾಡೋಣ. ಬರಲೇ?